ನಡುಗಡ್ಡೆಗೆ ಹೋದ ಕಡಕ್ ರೊಟ್ಟಿ

ಕೊರೊನಾ ಮುಗಿದ ಎರಡನೇ ವರ್ಷ. ಆಗ ನಾನು ಬಾಗಲಕೋಟೆ ನವನಗರದ ಒಂದು ಪ್ರವಾಸದ ಆಫೀಸಿನಲ್ಲಿ ಅಡುಗೆಯವಳಾಗಿದ್ದೆ. ಯಾತ್ರೆಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟು ನನ್ನದು. ಕಾಲ ಬುಡಕ್ಕೆ ಗ್ಯಾಸಿನ ಒಲೆ, ಪಕ್ಕಕ್ಕೆ ಹಿಟ್ಟಿನ ಡಬ್ಬಿ. ಎಲ್ಲಿ ಗಿಡದ ನೆರಳು ಕಂಡಿತೋ ಅಲ್ಲಿ ಬಸ್ಸು ನಿಲ್ಲುತ್ತಿತ್ತು, ನಾನು ಒಲೆ ಹಚ್ಚುತ್ತಿದ್ದೆ. ಶ್ರೀಶೈಲ, ಪಂಢರಪುರ, ಕಾಶಿ, ಎಲ್ಲವನ್ನೂ ನಾನು ನೋಡಿದ್ದು ಹೀಗೆ, ಒಗ್ಗರಣೆಯ ಹೊಗೆಯ ಆಚೆಗೆ.

ಗೋಡೆಯ ಮೇಲಿನ ಫೋಟೊ ತೋರಿಸಿ ಮೊಮ್ಮಕ್ಕಳು ನೀವು ಕೇಳುತ್ತೀರಿ, "ಆಯಿ, ನೀ ಖರೇನ ಥೈಲ್ಯಾಂಡಿಗೆ ಹೋಗಿದ್ದೇನು?" ನಾಲ್ಕು ಮಂದಿ ಕೂಡಿದಲ್ಲಿ ಬಾಯಿಂದ ಹೇಳಲು ನನಗೆ ಬರುವುದಿಲ್ಲ. ಐಹೊಳೆ ಹತ್ತಿರದ ಹಳ್ಳಿ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತ ಅಕ್ಷರ ಇವೆ. ಅವುಗಳಲ್ಲೇ ಬರೆದಿಡುತ್ತೇನೆ, ನಿಮಗೆ ಬೇಕಾದಾಗ ಓದಿಕೊಳ್ಳಿ.

ಆಫೀಸು ನಡೆಸುತ್ತಿದ್ದವನು ರಫೀಕ, ನನ್ನ ಮಗನ ವಯಸ್ಸಿನವ. ಒಂದು ದಿನ ಅವನು ನನ್ನನ್ನು ಇಳಕಲ್ಲಿಗೆ ಕರೆದುಕೊಂಡು ಹೋದ. ಅಲ್ಲಿ ನೇಕಾರರ ಮನೆತನದ ನೀಲವ್ವ ಎಂಬ ಹಿರಿಯರು, ಎಪ್ಪತ್ತು ದಾಟಿದವರು. ಮೂರು ಮಂದಿ ಹೆಣ್ಣುಮಕ್ಕಳು ಕೂಡಿ ತಾಯಿಗೆ ಸಮುದ್ರ ತೋರಿಸಬೇಕೆಂದು ಯೋಚನೆ ಮಾಡಿದ್ದರು. ಗೋವಾ, ಗೋಕರ್ಣ ಅಂದರೆ ಮುದುಕಿ ಒಪ್ಪಲಿಲ್ಲ. ಅವರ ಮನಸ್ಸು ಫೋನಿನಲ್ಲಿ ಕಂಡ ಒಂದು ಚಿತ್ರದ ಮೇಲೆ ಕೂತುಬಿಟ್ಟಿತ್ತು. ಥೈಲ್ಯಾಂಡಿನ ಒಂದು ಸಣ್ಣ ನಡುಗಡ್ಡೆ, ಸುತ್ತ ಹಸಿರೂ ಅಲ್ಲದ ನೀಲಿಯೂ ಅಲ್ಲದ ನೀರು.

ನಾನು ಹೋದಾಗಲೂ ಆ ಫೋನು ಅವರ ಕೈಯಲ್ಲೇ ಇತ್ತು.

"ಈರವ್ವಾ, ನೀನೂ ನೋಡು. ಹುಟ್ಟಿದಾಗಿಂದ ಬಣ್ಣದ ನೂಲಿನಾಗ ಬೆಳದೀನಿ. ಮಹಾಕೂಟದ ಹೊಂಡ ಕಂಡೀನಿ, ಆಲಮಟ್ಟಿ ನೀರು ಕಂಡೀನಿ. ಈ ಬಣ್ಣ ಕಂಡಿಲ್ಲ. ನಮ್ಮ ಬಣ್ಣದ ಮನ್ಯಾಗ ಎಷ್ಟು ಕುದಿಸಿದ್ರೂ ಇದು ಬರಾಂಗಿಲ್ಲ. ಫೋನಿನವರು ಸುಳ್ಳು ಬಣ್ಣ ಹಾಕ್ಯಾರೋ ಏನೋ. ಕಣ್ಣು ಪೂರಾ ಮಬ್ಬಾಗೂದ್ರೊಳಗ ಒಮ್ಮೆ ಹೋಗಿ ನೋಡಬೇಕಂತೇನಿ."

"ನೋಡಾಕ ಹೋಗಾಕಿ, ಉಣ್ಣಾಕ ಏನ್ ಮಾಡ್ತಿ ಬೇ?" ಎಂದಳು ಹಿರಿಮಗಳು ಸುವರ್ಣಾ. ಅವಳು ಹುನಗುಂದದಲ್ಲಿ ಸಾಲೆ ಕಲಿಸುವ ಬಾಯಿ, ಎಂದರೆ ಶಿಕ್ಷಕಿ. ತಾಯಿಗೆ ಸಕ್ಕರೆ ಬೇನೆ, ಹೊತ್ತಿಗೆ ಸರಿಯಾಗಿ ಉಂಡು ಗುಳಿಗೆ ನುಂಗಬೇಕು. ಮೀನು, ಮಾಂಸ ಮುಟ್ಟಿದ ಪಾತ್ರೆಯಲ್ಲಿ ಬೇಯಿಸಿದ್ದನ್ನು ಅವರು ಬಾಯಿಗಿಡುವವರಲ್ಲ. ಅದಕ್ಕೇ ನನ್ನನ್ನು ಕರೆಸಿದ್ದು.

ಆಮೇಲಿನ ಎರಡು ತಿಂಗಳು ಪ್ರವಾಸದ ತಯಾರಿಯಲ್ಲೇ ಕಳೆಯಿತು. ಆ ದಿನಗಳ ರುಚಿ ಇನ್ನೂ ನಾಲಿಗೆಯ ಮೇಲಿದೆ. ನಾನು ಹೋದಾಗಲೆಲ್ಲ ಸಂಜೆಗೆ ಅವರ ಮಾಳಿಗೆಯ ಮೇಲೆ ಕೂತು ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದೆವು, ಗುರೆಳ್ಳು ಕುಟ್ಟುತ್ತಿದ್ದೆವು. ಕೆಳಗೆ ಮಗ್ಗದ ಸಪ್ಪಳ. ಸಮುದ್ರಕ್ಕೆ ವಾಸನೆ ಇರುತ್ತದೋ, ಮಲಗಿದಾಗ ಅದರ ಸಪ್ಪಳಕ್ಕೆ ನಿದ್ದೆ ಬರುತ್ತದೋ, ಆ ದೇಶದ ಹೆಣ್ಣುಮಕ್ಕಳು ತಲೆಗೆ ಹೂವು ಮುಡಿಯುತ್ತಾರೋ, ಇಂಥ ಮಾತು. ನನ್ನ ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಆ ನೀರಿನ ಅಂಚಿನಲ್ಲಿ ಅಡ್ಡಾಡುತ್ತಿತ್ತು. ಹುನಗುಂದದ ಕಡೆಯಿಂದ ಬಿಸಿಗಾಳಿ ಬೀಸಿದರೂ ನನಗೆ ಅದು ತೆಂಗಿನ ಗರಿಯ ಗಾಳಿ ಅನಿಸುತ್ತಿತ್ತು.

ಹೊರಡುವ ಹಿಂದಿನ ದಿನ ರೊಟ್ಟಿ ಬಡಿದೆವು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದರೆ ಅದು ಕಡಕ್ ರೊಟ್ಟಿ. ನಮ್ಮಲ್ಲಿ ತಿಂಗಳಿಟ್ಟರೂ ಕೆಡುವುದಿಲ್ಲ. ರಫೀಕ ಪ್ಲಾಸ್ಟಿಕ್ ಡಬ್ಬಿ ತಂದಿದ್ದ. ನೀಲವ್ವ ನಕ್ಕರು.

"ರೊಟ್ಟಿಗೆ ಉಸಿರು ಕಟ್ಟಸ್ತೀಯೇನಪಾ? ಬಿಳಿ ಧೋತರದಾಗ ಕಟ್ಟು, ಗಾಳಿ ಆಡ್ಲಿ."

ನನಗೂ ಅದೇ ಸರಿ ಕಂಡಿತು. ನಮ್ಮ ಅವ್ವಂದಿರು ಕಟ್ಟಿದ್ದೂ ಹಾಗೇ.

ವಿಮಾನದ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಕಣ್ಣು ಮುಚ್ಚಿಕೊಂಡೇ ಇದ್ದುದರಿಂದ ಬರೆಯಲು ಹೆಚ್ಚಿಲ್ಲ. ನೀಲವ್ವ, ಸುವರ್ಣಾ, ರಫೀಕ, ನಾನು ಫುಕೆಟ್‌ನಲ್ಲಿ ಇಳಿದು, ಅಲ್ಲಿಂದ ಬೋಟಿನಲ್ಲಿ ನಡುಗಡ್ಡೆಗೆ ಹೋದೆವು. ಮರದ ಗುಡಿಸಲುಗಳ ಒಂದು ವಸತಿ, ಎದುರಿಗೇ ಸಮುದ್ರ. ಆದರೆ ನಾವು ಇಳಿದಾಗ ಜಿಟಿಜಿಟಿ ಮಳೆ. ಆಕಾಶಕ್ಕೂ ನೀರಿಗೂ ಒಂದೇ ಬಣ್ಣ, ಒಲೆಯ ಬೂದಿಯ ಬಣ್ಣ. ನೀಲವ್ವ ಬಾಗಿಲಲ್ಲಿ ಬಹಳ ಹೊತ್ತು ನಿಂತರು.

"ಹೇಳಿದ್ನಿಲ್ಲ, ಸುಳ್ಳು ಬಣ್ಣ ಹಾಕ್ಯಾರಂತ," ಎಂದು ಒಳಗೆ ಹೋದರು.

ಮಳೆ ಮರುದಿನವೂ ನಿಲ್ಲಲಿಲ್ಲ. ಆ ಎರಡು ದಿನ ಮೇಲಿನ ರೊಟ್ಟಿಯಲ್ಲೇ ಊಟ ನಡೆಯಿತು. ಮೂರನೇ ದಿನ ಮುಂಜಾನೆ ಮತ್ತೆ ಧೋತರದ ಗಂಟು ಬಿಚ್ಚಿದೆ. ಕೈಗೆ ತಾಕಿದ್ದು ರೊಟ್ಟಿಯಲ್ಲ, ಚಪ್ಪಲಿಯ ತೊಗಲು. ಮುರಿದರೆ ಕಟಕ್ ಎನ್ನಬೇಕಾದದ್ದು ಮಡಚಿಕೊಂಡಿತು. ಕೆಳಗಿನವಕ್ಕೆ ಹಸಿರು ಬೂಷ್ಟು ಹಿಡಿದಿತ್ತು. ನಮ್ಮ ಊರಿನ ಗಾಳಿ ಒಣ ಗಾಳಿ, ರೊಟ್ಟಿಯನ್ನು ಕಾಯುತ್ತದೆ. ಅಲ್ಲಿಯದು ಉಪ್ಪು ನೀರು ಕುಡಿದ ಗಾಳಿ. ನಾವೇ ಬಟ್ಟೆ ಸಡಿಲ ಬಿಟ್ಟು ಅದನ್ನು ಒಳಗೆ ಕರೆದಿದ್ದೆವು.

ಚಟ್ನಿಪುಡಿಗಳು ಉಳಿದಿದ್ದವು, ಆದರೆ ಹಚ್ಚಿಕೊಂಡು ಉಣ್ಣಲು ಏನಿಲ್ಲ. ವಸತಿಯ ಅಡುಗೆಮನೆಯಿಂದ ಅನ್ನ ತರಿಸಿದರು. ಅದರ ಹಿಂದೆಯೇ ಮೀನಿನ ವಾಸನೆ ಬಂತು. ಆ ದೇಶದವರು ನಾವು ಉಪ್ಪು ಹಾಕಿದಂತೆ ಮೀನಿನ ರಸ ಹಾಕುತ್ತಾರೆ. ನೀಲವ್ವ ತಟ್ಟೆ ದೂರ ಸರಿಸಿದರು. ಒಂದು ಬಾಳೆಹಣ್ಣು, ಎರಡು ತುಂಡು ಬ್ರೆಡ್ಡು, ಅಷ್ಟೇ. ಮಧ್ಯಾಹ್ನಕ್ಕೆ ಸುಸ್ತಾಗಿ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಸುವರ್ಣಾ ರಫೀಕನನ್ನು ಕರೆದಳು. "ನಾಳೆ ಮುಂಜಾನಿ ಬೋಟಿಗೆ ಹೊಳ್ಳಿ ಹೋಗೂಣ್ರಿ. ಹೊಟ್ಟ್ಯಾಗ ಏನೂ ಇಲ್ದ ಗುಳಿಗಿ ಹ್ಯಾಂಗ ಕೊಡ್ಲಿ?"

"ನಾಳೆ ಮಳಿ ಬಿಡ್ತದಂತ ಹೇಳ್ಯಾರ್ರೀ ಬಾಯಾರ."

"ಮಳಿ ಬಿಡ್ಲಿ, ಬ್ಯಾಡಾ ಅನ್ನೂದಿಲ್ಲ. ಅವ್ವ ಉಂಡ್ರ ಇರ್ತೀವಿ. ಇಲ್ಲಂದ್ರ ಇಲ್ಲ."

ಬೋಟಿನವನಿಗೆ ಫೋನು ಹೋಯಿತು. ನಾನು ಗುಡಿಸಲಿನ ಹೊರಗೆ ನಿಂತು ಕೇಳಿಸಿಕೊಂಡೆ. ಮುದುಕಿ ಎರಡು ತಿಂಗಳು ಕಣ್ಣಲ್ಲಿ ಇಟ್ಟುಕೊಂಡ ಬಣ್ಣ ಕಾಣದೆ, ಬೂದಿ ಸಮುದ್ರ ನೋಡಿ ಹೊರಳಿ ಹೋಗಬೇಕಾಗಿತ್ತು. ಅವರಿಗೆ ಉಣ್ಣಿಸುವುದು ನನ್ನ ಕೆಲಸ. ನನ್ನನ್ನು ಅಷ್ಟು ದೂರ ಕರೆತಂದದ್ದು ಅದೊಂದಕ್ಕೇ.

ಅಲ್ಲಿಯ ಅಡುಗೆಮನೆ ನಡೆಸುತ್ತಿದ್ದವಳ ಹೆಸರು ನೊಯ್. ನನ್ನ ವಯಸ್ಸಿನವಳೇ. ಎರಡು ದಿನದಿಂದ ದೂರದಿಂದ ಅವಳನ್ನು ನೋಡುತ್ತಿದ್ದೆ. ಮುಂಜಾನೆ ಅಂಗಳದಲ್ಲಿ ಒಂದು ಕಂಬದ ಮೇಲಿನ ಗೂಡಿನಂಥ ಪುಟ್ಟ ಮನೆಗೆ ಮಲ್ಲಿಗೆ ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿ, ಸಣ್ಣ ಗ್ಲಾಸಿನಲ್ಲಿ ಕೆಂಪು ಶರಬತ್ತು ಇಡುತ್ತಿದ್ದಳು. ಆ ಜಾಗ ಕಾಯುವ ದೇವರಿಗೆ ಅಂತೆ. ಎದುರು ಬಂದರೆ ಎರಡೂ ಕೈ ಎದೆಗೆ ಜೋಡಿಸಿ ತಲೆ ಬಾಗಿಸುತ್ತಿದ್ದಳು. ನಾನೂ ಸೆರಗು ಎಳೆದುಕೊಂಡು ಹಾಗೇ ಮಾಡುತ್ತಿದ್ದೆ. ನಮ್ಮಿಬ್ಬರ ಮಾತುಕತೆ ಅಷ್ಟೇ.

ಆ ಮಧ್ಯಾಹ್ನ ನಾನು ಅವಳ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತೆ. ಹೊರಗೆ ಚಪ್ಪಲಿಗಳು ಸಾಲಾಗಿದ್ದವು. ನಾನೂ ಬಿಟ್ಟೆ. ಹೊಸ್ತಿಲು ಮಾತ್ರ ದಾಟಲಿಲ್ಲ. ನೊಯ್ ನೋಡಿದಳು, ಕಾದಳು, ಆಮೇಲೆ ಬಂದು ಮುಂಗೈ ಹಿಡಿದು ಒಳಗೆ ಎಳೆದುಕೊಂಡಳು.

ರಫೀಕನನ್ನು ಕರೆಸಿದೆ. ನೀಲವ್ವನ ನೇಮವನ್ನು ಅವನು ಫೋನಿನೊಳಗೆ ಹೇಳಿದ, ಫೋನು ಅವಳ ಭಾಷೆಯಲ್ಲಿ ಮಾತಾಡಿತು. ನೊಯ್‌ಳ ಮುಖ ಅರಳಿತು.

"ಜೇ!" ಎಂದಳು.

"ಈರಕ್ಕಾರ, ಇವರಲ್ಲೂ ಅಂಥಾ ವ್ರತ ಐತಂತ್ರಿ," ಎಂದ ರಫೀಕ. "ಮೀನಿಲ್ಲ, ಮಾಂಸಿಲ್ಲ, ತತ್ತಿ ಇಲ್ಲ, ಬಳ್ಳೊಳ್ಳಿ ಸುದ್ದಾ ಇಲ್ಲ. ಅದಕ್ಕ ಜೇ ಊಟ ಅಂತಾರಂತ."

ನೊಯ್ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಹಳದಿ ಬಟ್ಟೆಯ ಗಂಟು ಇಳಿಸಿದಳು. ಒಳಗೆ ಪಾತ್ರೆ, ಸೌಟು, ಒಂದು ಮಣ್ಣಿನ ಕುಟ್ಟುವ ಒಳ್ಳು. ಅವಳ ತಾಯಿಯ ವ್ರತದ ಪಾತ್ರೆಗಳು, ಮೀನು ಎಂದೂ ಮುಟ್ಟಿದವಲ್ಲ. ತಾಯಿ ತೀರಿಕೊಂಡ ಮೇಲೂ ಗಂಟು ಹಾಗೇ ಇಟ್ಟಿದ್ದಳು. ಅದನ್ನು ನನ್ನ ಮುಂದೆ ಬಿಚ್ಚಿದಳು. ನಾನು ಎಲ್ಲ ಪಾತ್ರೆ ತೊಳೆದೆ, ಅವಳೂ ತೊಳೆದಳು.

ರೊಟ್ಟಿಯೇ ಮಾಡಬೇಕೆಂದು ನಿಶ್ಚಯಿಸಿದೆ. ಜೋಳ ಇಲ್ಲದಿದ್ದರೇನು, ಅಕ್ಕಿ ಹಿಟ್ಟು ಇದೆಯಲ್ಲ. ಕಪಾಟಿನಲ್ಲಿ ಒಂದೇ ತರದ ಎರಡು ಪಾಕೀಟು ಇದ್ದವು, ಒಂದರ ಮೇಲೆ ಕೆಂಪು ಅಕ್ಷರ, ಇನ್ನೊಂದರ ಮೇಲೆ ಹಸಿರು. ಹಸಿರಿನದು ನುಣ್ಣಗೆ ಕಂಡಿತು. ನೊಯ್ ಏನೋ ಹೇಳಲು ಬಂದಳು, ನಾನು ಅದೇ ಬೇಕೆಂದು ತಲೆ ಆಡಿಸಿದೆ. ಕುದಿಯುವ ನೀರು ಹಾಕಿ ನಾದಿ, ಹಲಗೆಯ ಮೇಲೆ ಬಡಿಯತೊಡಗಿದೆ. ತಪ ತಪ ತಪ. ಹಿಟ್ಟು ಅಂಗೈಗೆ ಅಂಟುತ್ತಿತ್ತು, ಆದರೂ ಬಿಡಲಿಲ್ಲ. ಆ ಸಪ್ಪಳ ಮಳೆಯ ಸಪ್ಪಳವನ್ನು ದಾಟಿ ಹೋಗಿರಬೇಕು. ತಲೆ ಎತ್ತಿದರೆ ಸುವರ್ಣಾಳ ತೋಳು ಹಿಡಿದು ನೀಲವ್ವ ಹೊಸ್ತಿಲಲ್ಲಿ ನಿಂತಿದ್ದರು.

"ಯಾರ ಮನ್ಯಾಗ ರೊಟ್ಟಿ ಬಡೀತಾರಪಾ ಅಂತ ಬಂದೆ," ಎಂದರು.

ರೊಟ್ಟಿಯನ್ನು ಹಂಚಿಗೆ ಹಾಕಿದೆ. ಅದು ಉಬ್ಬಲಿಲ್ಲ, ಕರಗಿತು. ಮಗುಚಲು ಹೋದರೆ ಉದ್ದಕ್ಕೆ ಎಳೆ ಬಂತು. ಕೈಗೆ, ಸೌಟಿಗೆ, ಹಂಚಿಗೆ ಎಲ್ಲಕ್ಕೂ ಅಂಟು. ಅಲ್ಲಿ ಅಂಟಕ್ಕಿ ಎಂಬ ಒಂದು ಅಕ್ಕಿ ಇದೆ, ಆ ಪಾಕೀಟು ಅದರ ಹಿಟ್ಟು. ನೊಯ್ ಬಾಯಿಗೆ ಕೈ ಅಡ್ಡ ಹಿಡಿದಳು. ನನಗೆ ಅಳು ಬರುವುದೊಂದು ಬಾಕಿ.

ನೀಲವ್ವ ಹತ್ತಿರ ಬಂದು, ಸೌಟಿನ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದರು. ನೂಲು ನೋಡುವ ಹಾಗೆ.

"ಈರವ್ವಾ, ಇದನ್ನ ಚೆಲ್ಲಬ್ಯಾಡ ನನ್ನವ್ವಾ. ಇಳಕಲ್ಲಿಗೆ ಒಯ್ಯೂಣು. ನೂಲಿಗೆ ಗಂಜಿ ಹಚ್ಚಾಕ ಇಂಥಾ ಅಂಟು ಎಲ್ಲೂ ಸಿಗಾಂಗಿಲ್ಲ."

ಮೊದಲು ನಕ್ಕವರು ಅವರೇ. ಅವರ ನಗು ನೋಡಿ ಸುವರ್ಣಾ ನಕ್ಕಳು, ಮಾತು ತಿಳಿಯದ ನೊಯ್ ಎಲ್ಲರಿಗಿಂತ ಹೆಚ್ಚು ನಕ್ಕಳು. ಮೂರು ದಿನದಿಂದ ಆ ಮುಖದಲ್ಲಿ ನಗು ಇರಲಿಲ್ಲ.

ನೀಲವ್ವ ಅಲ್ಲೇ ನೆಲಕ್ಕೆ ಕೂತರು. ನೊಯ್ ತಾನೂ ಕೂತು, ತಾಯಿಯ ಒಳ್ಳು ಮುಂದಿಟ್ಟುಕೊಂಡಳು. ಹುರಿದ ಶೇಂಗಾ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಹಗುರಾಗಿ ಕುಟ್ಟಿದಳು. ಕಾಯಿ ಪಪ್ಪಾಯಿಯನ್ನು ಎಳೆ ಎಳೆಯಾಗಿ ಹೆಚ್ಚಿ ಹಾಕಿ, ಮೇಲೆ ಲಿಂಬೆ ಹಿಂಡಿದಳು. ಬೆಲ್ಲ ಮಾತ್ರ ಬೇಡವೆಂದು ಸುವರ್ಣಾ ಕೈ ಮಾಡಿದಳು. ಒಲೆಯ ಮೇಲೆ ಅದೇ ವ್ರತದ ಪಾತ್ರೆಯೊಳಗೆ ತೆಂಗಿನ ಹಾಲಿನಲ್ಲಿ ಬದನೆಕಾಯಿ ಕುದಿಯುತ್ತಿತ್ತು. ಅದರಲ್ಲಿ ಹಾಕಿದ ಮಜ್ಜಿಗೆಹುಲ್ಲಿನ ಲಿಂಬೆಯಂಥ ವಾಸನೆ, ಮಳೆ ಬಿದ್ದ ಹೊಲದ ಬದುವಿನಲ್ಲಿ ನಡೆದ ಹಾಗೆ. ಮೀನಿನ ನೆನಪೂ ಇರಲಿಲ್ಲ. ಕೊನೆಗೆ ಬಿದಿರಿನ ಬುಟ್ಟಿಯ ಮುಚ್ಚಳ ತೆಗೆದಳು. ಅದೇ ಅಂಟಕ್ಕಿಯ ಅನ್ನ, ಹಬೆಯಲ್ಲಿ ಬೇಯಿಸಿದ್ದು. ಒಂದು ತುತ್ತು ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಒಳ್ಳಿನಲ್ಲಿದ್ದುದಕ್ಕೆ ಒತ್ತಿ ತಿಂದು ತೋರಿಸಿದಳು.

"ಕೈಲೆ ಉಣ್ಣತಾರ ನೋಡ," ಎಂದರು ನೀಲವ್ವ. ಒಂದು ಉಂಡೆ ಮಾಡಿದರು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಶೇಂಗಾ ನಮ್ಮದ, ಖಾರ ನಮ್ಮದ. ನಡುವ ಈ ಪಪ್ಪಾಯಿ ಎಲ್ಲಿಂದ ಬಂತವಾ ಬೀಗರಂಗ," ಎಂದು ಎರಡನೇ ತುತ್ತು ಮುರಿದರು. ಆಮೇಲೆ ನನ್ನ ಕಡೆ ತಿರುಗಿದರು. "ನೀ ಯಾಕ ನಿಂತಿ? ಕೂಡು. ಮಂದಿಗೆ ನೀಡೂದ ಆತು ನಿನ್ನ ಜಲ್ಮ."

ಕೆಲಸದಲ್ಲಿದ್ದಾಗ ಊಟಕ್ಕೆ ಬಂದವರ ಜೊತೆ ನಾನು ಎಂದೂ ಕೂತವಳಲ್ಲ. ಅಂದು ಕೂತೆ. ಒಂದೇ ಬುಟ್ಟಿಯಿಂದ ಉಂಡೆವು. ಸುವರ್ಣಾ ಗುಳಿಗೆ ತಂದು ತಾಯಿಯ ಕೈಗಿಟ್ಟಳು, ರಫೀಕನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ನಾಳೆ ಬರಬೇಡವೆನ್ನಲು ಅವನು ಬೋಟಿನವನಿಗೆ ಮತ್ತೆ ಫೋನು ಹಚ್ಚಿ ಹೊರಗೆ ಹೋದ.

ಮರುದಿನ ಎಚ್ಚರಾದಾಗ ಮಳೆಯ ಸಪ್ಪಳ ಇರಲಿಲ್ಲ. ಹೊರಗೆ ಬಂದರೆ ನೀಲವ್ವ ಆಗಲೇ ನೀರಿನ ಅಂಚಿನಲ್ಲಿ ನಿಂತಿದ್ದರು. ಬಿಸಿಲು ಏರುತ್ತಿತ್ತು. ನನ್ನ ಕಣ್ಣೆದುರಿಗೇ ಆ ಬೂದಿ ತಿಳಿಯಾಯಿತು. ಮೊದಲು ದೂರದಲ್ಲಿ ಒಂದು ಗೆರೆ, ನವಿಲಿನ ಕೊರಳಿನಂಥದು. ಆಮೇಲೆ ಅದು ಹರಡುತ್ತ ಹರಡುತ್ತ ನಮ್ಮ ಕಾಲಿನವರೆಗೆ ಬಂತು. ಫೋನಿನವರು ಸುಳ್ಳು ಹೇಳಿರಲಿಲ್ಲ. ಅವರು ಪೂರ್ತಿ ಹೇಳಿರಲಿಲ್ಲ, ಅಷ್ಟೇ.

ನೀಲವ್ವ ಮೊಣಕಾಲು ಮಟ್ಟ ನೀರಿಗೆ ಇಳಿದರು. ತಮ್ಮ ಕೈಯಿಂದಲೇ ಕೊಂಡಿ ಹಾಕಿ ಸೀರೆಯ ಎಳೆಗಳಿಗೆ ಜೋಡಿಸಿದ ಕೆಂಪು ಸೆರಗು ಹಿಂದೆ ತೇಲಿತು. ಬಗ್ಗಿ ಬೊಗಸೆಯಲ್ಲಿ ನೀರು ತುಂಬಿಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಈರವ್ವಾ, ಬಾ ಇಲ್ಲಿ. ಬೊಗಸ್ಯಾಗ ಬಣ್ಣನ ಇಲ್ಲ ನೋಡು. ಇಳಕಲ್ಲಿಗೆ ಒಯ್ಯಾಕ ಬರಾಂಗಿಲ್ಲ. ಇಲ್ಲೇ ಬಂದು ನೋಡಬೇಕು."

ನಾನು ಇಳಿದೆ. ರಫೀಕ ಫೋಟೊ ತೆಗೆದದ್ದು ಆಗಲೇ. ಅದರಲ್ಲಿ ನಾನು ಸೆರಗು ಹೊದ್ದುಕೊಂಡು ಕೆಳಗೆ ನೋಡುತ್ತಿದ್ದೇನೆ, ನಾಚಿಕೆಯಿಂದ ಅಂತ ನೀವು ನಗುತ್ತೀರಿ. ಅಲ್ಲ ಮಕ್ಕಳೇ, ನನ್ನ ಬೊಗಸೆಯನ್ನು ನೋಡುತ್ತಿದ್ದೆ.

ನೀಲವ್ವ ಈಗ ಇಲ್ಲ. ನನ್ನ ಮೊಣಕಾಲೂ ಬಸ್ಸು ಹತ್ತುವುದಿಲ್ಲ. ಆದರೆ ಆ ಆಫೀಸಿನಿಂದ ಯಾರು ಎಲ್ಲಿಗೆ ಹೊರಟರೂ ಬುತ್ತಿ ನಮ್ಮ ಮನೆಯಿಂದಲೇ ಹೋಗುತ್ತದೆ. ಎಷ್ಟು ದೂರದ ಊರಿದ್ದರೂ ನಾನು ಎರಡು ದಿನದ ರೊಟ್ಟಿ ಅಷ್ಟೇ ಕಟ್ಟುತ್ತೇನೆ. ಸಾಲುವುದಿಲ್ಲವೆಂದು ಮಂದಿ ಜಗಳ ತೆಗೆಯುತ್ತಾರೆ. ಮೂರನೇ ದಿನ ಆ ಊರಿನವರ ಹೊಸ್ತಿಲಿಗೆ ಹೋಗಿ ನಿಲ್ಲಲಿ ಎಂದು ನಾನು ಸುಮ್ಮನೆ ಗಂಟು ಕಟ್ಟಿ ಕೊಡುತ್ತೇನೆ.