ಹುಲುಗಪ್ಪನ ಧ್ವನಿ ಕೇಳುವವರೆಗೆ

ಕಳೆದ ವರ್ಷ ಕಬ್ಬು ಕಟಾವಿನ ಕಾಲದಲ್ಲಿ ನಾನು ಕಂಪ್ಲಿ ತಾಲ್ಲೂಕಿನ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿದ್ದೆ. ಉಪಕೇಂದ್ರದ ಹೆಸರು ಹೇಳುವುದಿಲ್ಲ. ಅಲ್ಲಿಯವರಿಗೆ ಹೇಳದೆಯೂ ಗೊತ್ತಾಗುತ್ತದೆ. ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆಪರೇಟರ್ ಎಂದರೆ ಏನು ಮಾಡುತ್ತೀರಿ ಎಂದು ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರೆ, ನಿಮ್ಮ ಮನೆಯ ಕರೆಂಟು ತೆಗೆಯುತ್ತೇನೆ ಎನ್ನುತ್ತಿದ್ದೆ. ಕೊಡುವವಳೂ ನಾನೇ, ಆದರೆ ಕೊಟ್ಟದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ದಿನಗಳಲ್ಲಿ ಟಿವಿಯಲ್ಲಿ ಚೆಸ್ ಆಡುವ ಹುಡುಗಿಯೊಬ್ಬಳ ಧಾರಾವಾಹಿ ಬರುತ್ತಿತ್ತು. ಹುಡುಗಿಯ ಹೆಸರು ಚಂದ್ರಿ, ಪಂಕ್ಚರ್ ಅಂಗಡಿಯವನ ಮಗಳು. ನಮ್ಮ ಕಡೆ ಅದು ಹಿಡಿಸಿದ್ದು ಹೇಗೆಂದರೆ, ಚೆಸ್ ಬೋರ್ಡನ್ನು ಕಣ್ಣಿಂದಲೂ ನೋಡದ ಮುದುಕಿಯರು ಬಸ್ ಸ್ಟ್ಯಾಂಡಿನಲ್ಲಿ ಕೂತು, ಕುದುರೆಯನ್ನು ಆ ಕಡೆ ಹಾರಿಸಬೇಕಿತ್ತು ಎಂದು ಜಗಳ ಮಾಡುತ್ತಿದ್ದರು. ಅಕ್ಕಿ ಗಿರಣಿಯ ಹೆಣ್ಣಾಳುಗಳು ಊಟದ ಬಿಡುವಿನಲ್ಲಿ ನೆಲದ ಮೇಲೆ ಇದ್ದಿಲಿನಿಂದ ಚೌಕ ಬರೆದು ಆಡತೊಡಗಿದ್ದರು. ಚಂದ್ರಿಗೆ ಜ್ವರ ಬಂದ ಸಂಚಿಕೆಯ ಮರುದಿನ ನಮ್ಮ ಕಚೇರಿಯ ಕಸ ಗುಡಿಸುವಾಕೆ ಹುಡುಗಿಗೆ ವಾಸಿಯಾಗಲೆಂದು ಗುಡಿಯಲ್ಲಿ ಕಾಯಿ ಒಡೆಸಿ, ನನಗೂ ಒಂದು ಹೋಳು ತಂದುಕೊಟ್ಟಳು.

ಆ ವಾರದ ಶನಿವಾರ ಕಥೆ ಒಂದು ಕಡೆ ಬಂದು ನಿಂತಿತ್ತು. ಫೈನಲ್ ಆಟ. ಚಂದ್ರಿ ರಾಣಿಯನ್ನು ಕೈಯಲ್ಲಿ ಹಿಡಿದಳು. ಅದನ್ನು ನಡೆಸಿದರೆ ಸೋಲು ಎಂದು ಥಟ್ಟನೆ ಹೊಳೆದು ಕೈಬಿಟ್ಟಳು. ಚೆಸ್ಸಿನಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬ ನಿಯಮವಿದೆ. ಎದುರಾಳಿ ಹುಡುಗ ಕೈ ಎತ್ತಿದ, ಅಂಪೈರ್ ಎದ್ದು ಬಂದ. ಅಲ್ಲಿಗೆ ನಿಲ್ಲಿಸಿದರು. ಉಳಿದದ್ದು ಭಾನುವಾರ ಸಂಜೆ ಆರಕ್ಕೆ, ಮಹಾಸಂಚಿಕೆಯಲ್ಲಿ.

ಊರು ಎರಡು ಪಾಲಾಯಿತು. ನಮ್ಮ ಲೈನ್‌ಮನ್ ಹುಲುಗಪ್ಪನ ಹೆಂಡತಿ ಪಾರ್ವತಿ ಭಾನುವಾರ ಮಧ್ಯಾಹ್ನ ಗಂಡನಿಗೆ ಬುತ್ತಿ ತಂದವಳು, ಬುತ್ತಿಯ ಗಂಟು ಬಿಚ್ಚುವ ಮೊದಲೇ ಶುರು ಮಾಡಿದಳು.

"ಸಣ್ಣ ಹುಡುಗಿ ಐತ್ರಿ ಮೇಡಂ. ಒಂದು ಸಲ ಬಿಟ್ರ ಅಂಪೈರನ ಗಂಟು ಏನ್ ಹೋಕ್ಕೈತಿ?"

"ರೂಲ್ ಅಂದ ಮ್ಯಾಲ ರೂಲ್ ಅಲ್ಲೇನವಾ," ಎಂದೆ. ಕೆಣಕಲಿಕ್ಕೇ ಅಂದದ್ದು. ನಾನೂ ಚಂದ್ರಿಯ ಪಕ್ಷದವಳೇ.

"ನೀವೂ ಆ ಅಂಪೈರನಂಗ ಬಿಡ್ರಿ," ಎಂದು ಮುಖ ತಿರುಗಿಸಿದಳು. ಹುಲುಗಪ್ಪ ರೊಟ್ಟಿ ಮುರಿಯುತ್ತಾ ನಗುತ್ತಿದ್ದ.

ಅವನ ಊಟ ಮುಗಿದಿತ್ತೋ ಇಲ್ಲವೋ, ನದಿ ದಂಡೆಯ ಊರುಗಳ ಫೀಡರ್ ಟ್ರಿಪ್ ಆಗಿ ಕರೆಂಟು ಹೋಯಿತು. ಉಪಕೇಂದ್ರದಿಂದ ಹೊರಟು ಊರುಗಳಿಗೆ ಹೋಗುವ ಒಂದೊಂದು ಲೈನನ್ನೂ ನಾವು ಫೀಡರ್ ಎನ್ನುತ್ತೇವೆ. ಕಾಲುವೆ ರಸ್ತೆಯಲ್ಲಿ ಕಬ್ಬು ಹೇರಿದ ಟ್ರಾಕ್ಟರೊಂದು ತಿರುವಿನಲ್ಲಿ ಕಂಬಕ್ಕೆ ಗುದ್ದಿತ್ತು. ಕಂಬ ವಾಲಿ, ತಂತಿ ಹರಿದು ಗದ್ದೆಗೆ ಬಿದ್ದಿತ್ತು. ಹುಲುಗಪ್ಪ ಸಹಾಯಕನನ್ನು ಕರೆದುಕೊಂಡು ಹೊರಟ. ಪಾರ್ವತಿಯ ಮನೆಯೂ ಅದೇ ರಸ್ತೆಯಲ್ಲಿ. ಅವಳೂ ಅವರ ಜೊತೆಗೇ ಹೋದಳು.

ಅಲ್ಲಿ ಮುಟ್ಟಿದ ಮೇಲೆ ಹುಲುಗಪ್ಪ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳಿದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಬ ಹತ್ತುವವನು ತನ್ನ ಹೆಸರಿನಲ್ಲಿ ಅನುಮತಿ ಕೇಳುತ್ತಾನೆ. ಆಪರೇಟರ್ ಕಂಟ್ರೋಲ್ ರೂಮಿನಲ್ಲಿ ಬ್ರೇಕರ್ ತೆಗೆದು, ಹೊರಗೆ ಅಂಗಳದಲ್ಲಿ ಐಸೊಲೇಟರ್ ಎಂಬ ದೊಡ್ಡ ಸ್ವಿಚ್ಚಿನ ಹಿಡಿಯನ್ನು ಕೆಳಗಿಳಿಸಿ, ಬೀಗ ಹಾಕಿ, ಒಂದು ನಂಬರ್ ಕೊಡುತ್ತಾರೆ. ಆ ನಂಬರ್ ಸಿಕ್ಕ ಮೇಲೆ ಆ ಲೈನು ಅವನದು. ಕೆಲಸ ಮುಗಿಸಿ, ಕೆಳಗಿಳಿದು, ಅವನೇ ಅದನ್ನು ಹಿಂದಿರುಗಿಸಬೇಕು, ಎದುರಿಗೆ ಬಂದು ಇಲ್ಲವೇ ಫೋನಿನಲ್ಲಿ. ಅಲ್ಲಿಯವರೆಗೆ ಕರೆಂಟ್ ಹರಿಸುವಂತಿಲ್ಲ. ಒಂದು ಫೀಡರಿನಲ್ಲಿ ಹರಿಯುವುದು ಹನ್ನೊಂದು ಸಾವಿರ ವೋಲ್ಟ್. ಅಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಯಾರೂ ಉಳಿಯುವುದಿಲ್ಲ.

ಹೊತ್ತು ಇಳಿಯಿತು. ಕೆಲಸ ಮುಗಿಯಲಿಲ್ಲ. ಆ ಭಾಗದ ಮೊಬೈಲ್ ಟವರಿಗೂ ಅದೇ ಫೀಡರಿನ ಕರೆಂಟು. ಅದರ ಬ್ಯಾಟರಿ ಖಾಲಿಯಾಗಿ ಕಾಲುವೆ ರಸ್ತೆಯ ಫೋನುಗಳೆಲ್ಲ ಸತ್ತವು. ಉಪಕೇಂದ್ರದಲ್ಲಿ ಮಾತ್ರ ಕಂಪ್ಲಿಯ ಟವರಿನ ಸಿಗ್ನಲ್ ಸಿಗುತ್ತಿತ್ತು. ಹುಲುಗಪ್ಪನಿಗೆ ಮಾಡಿದಾಗಲೆಲ್ಲ, ಸಂಪರ್ಕ ಸಾಧ್ಯವಿಲ್ಲ ಎಂಬ ಹೆಂಗಸಿನ ದನಿಯೇ ಬರುತ್ತಿತ್ತು.

ಐದು ಗಂಟೆ ದಾಟಿದ ಮೇಲೆ ಜನ ಬರತೊಡಗಿದರು. ಮೊದಲು ಬೈಕಿನ ಹುಡುಗರು, ಆಮೇಲೆ ಟಂಟಂ ಆಟೊ ತುಂಬ ಹೆಂಗಸರು. ಕಂಟ್ರೋಲ್ ರೂಮಿನಲ್ಲಿ ಫ್ಯಾನ್ ತಿರುಗುತ್ತಿತ್ತು, ಲೈಟು ಉರಿಯುತ್ತಿತ್ತು. ಉಪಕೇಂದ್ರಕ್ಕೆ ಕರೆಂಟು ಬರುವ ದಾರಿಯೇ ಬೇರೆ. ಕಿಟಕಿಯಿಂದ ಅದನ್ನು ಕಂಡ ಕೂಡಲೇ ಅವರ ಸಿಟ್ಟು ಇಮ್ಮಡಿಯಾಯಿತು. ಒಳಗೆ ಕೂತು ತಾನೊಬ್ಬಳೇ ಟಿವಿ ನೋಡುತ್ತಾಳೆ ಎಂದು ಒಬ್ಬಾಕೆ ಕೂಗಿದಳು. ನಮ್ಮಲ್ಲಿ ಟಿವಿಯೇ ಇಲ್ಲ ಎಂದರೆ ಯಾರು ನಂಬಬೇಕು?

ಅಕ್ಕಿ ಗಿರಣಿಯ ಬಸವರಾಜಣ್ಣ ಗೇಟಿನ ಹತ್ತಿರ ಬಂದು ನಿಂತರು. ಊರಿನಲ್ಲಿ ಮಾತು ನಡೆಯುವ ಮನುಷ್ಯ.

"ಮೇಡಂ, ಮಂದಿ ಕೈ ಮೀರತೈತಿ. ಜಲ್ದಿ ಏನಾರ ಮಾಡ್ರಿ."

"ಲೈನ್‌ಮನ್ ಕಂಬದ ಮ್ಯಾಲ ಅದಾನ್ರಿ ಅಣ್ಣಾ. ಆತ ಹೇಳೋತನಕ ಏನೂ ಮಾಡಾಕ ಬರಂಗಿಲ್ಲ."

ಅಷ್ಟರಲ್ಲಿ ಒಂದು ಸ್ಕೂಟಿ ಬಂದು ನಿಂತಿತು. ಹಿಂದಿನ ಸೀಟಿನಿಂದ ಇಳಿದವಳು ಪಾರ್ವತಿ. ಜನ ದಾರಿ ಬಿಟ್ಟರು.

"ಮೇಡಂ, ಮುಗೀತ್ರಿ. ಇಳದಾನ. ನಾನ ಕಣ್ಣಾರೆ ನೋಡೀನಿ, ತಂಬಗಿ ನೀರು ಕುಡದ. ಫೋನ್ ಹತ್ತವಲ್ದು, ಹೋಗಿ ಹೇಳು ಅಂತ ನನ್ನ ಕಳಿಸ್ಯಾನ."

ಜನ ಹೋ ಎಂದರು. ನಾನು, "ನಂಬರ್ ಹೇಳು," ಎಂದೆ. ಹೇಳಲಾರಳು, ಅಲ್ಲಿಗೆ ಮಾತು ಮುಗಿಯುತ್ತದೆ ಎಂದು ನನ್ನ ಎಣಿಕೆ. ಅವಳು ಒಂದೇ ಉಸಿರಿಗೆ ಹೇಳಿದಳು. ನಾನು ಹುಲುಗಪ್ಪನಿಗೆ ಕೊಟ್ಟಿದ್ದ ನಂಬರೇ.

ಎರಡೇ ನಿಮಿಷಕ್ಕೆ ನಮ್ಮ ಮೇಲಿನ ಸೆಕ್ಷನ್ ಆಫೀಸರರ ಫೋನ್ ಬಂತು. ಗೇಟಿನಿಂದ ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದರು.

"ಹೆಂಡ್ತೀನ ಬಂದು ನಂಬರ್ ಸಮೇತ ಹೇಳ್ಯಾಳ ಅಂದ ಮ್ಯಾಲ ಇನ್ನೇನ್ ಬೇಕಮ್ಮ ನಿಮಗ? ಮಂದಿ ಒಳಗ ನುಗ್ಗಿ ಪ್ಯಾನೆಲ್ ಒಡದ್ರ ಯಾರು ಜವಾಬ್ದಾರಿ?"

ನಿಜ ಹೇಳುತ್ತೇನೆ, ನನಗೂ ಸಾಕಾಗಿತ್ತು. ಹೆದರಿಕೆಯೂ ಆಗಿತ್ತು. ಗೇಟಿನ ಚಿಲಕ ಅಲುಗಾಡುತ್ತಿತ್ತು, ನನ್ನ ಜೊತೆ ಇದ್ದದ್ದು ವಯಸ್ಸಾದ ವಾಚ್‌ಮನ್ ಒಬ್ಬನೇ. ಹೆಂಡತಿಗಿಂತ ನಂಬಿಗಸ್ತ ಸಾಕ್ಷಿ ಯಾರು? ಬೀಗದ ಕೈ ತೆಗೆದುಕೊಂಡು ಅಂಗಳಕ್ಕೆ ಬಂದೆ. ಬೀಗ ತೆಗೆದೆ. ಐಸೊಲೇಟರಿನ ಹಿಡಿಗೆ ಕೈ ಹಾಕಿದೆ. ಅದನ್ನು ಮೇಲೆತ್ತಿದರೆ, ಒಳಗೆ ಹೋಗಿ ಬ್ರೇಕರ್ ಹಾಕುವುದೊಂದೇ ಬಾಕಿ. ತಂತಿ ಬೇಲಿಯ ಆಚೆ ಜನ ಚಪ್ಪಾಳೆ ತಟ್ಟಿದರು.

ಹಿಡಿ ಎತ್ತುವ ಮೊದಲು ಬಾಯಿಬಿಟ್ಟು ಹೇಳಿಕೊಳ್ಳುವುದು ನಮ್ಮಲ್ಲಿ ಹಲವರ ಅಭ್ಯಾಸ: ಇಂಥ ಫೀಡರ್, ಇಂಥವರ ಹೆಸರಿನ ಲೈನ್ ಕ್ಲಿಯರ್, ಅವರೇ ವಾಪಸ್ ಕೊಟ್ಟಿದ್ದಾರೆ. ಕೈ ಮನಸ್ಸಿಗಿಂತ ಮುಂದೆ ಓಡದಿರಲಿ ಎಂದು ಕಲಿಸುವ ಪದ್ಧತಿ. ಅವತ್ತೂ ಹೇಳಿಕೊಂಡೆ. ಫೀಡರ್ ಹೆಸರು ಬಂತು, ಹುಲುಗಪ್ಪನ ಹೆಸರು ಬಂತು. "ಅವರೇ" ಎಂಬಲ್ಲಿ ನಾಲಿಗೆ ನಿಂತಿತು. ಅವನು ಕೊಟ್ಟಿರಲಿಲ್ಲ. ಅವನ ಹೆಂಡತಿ ಕೊಟ್ಟಿದ್ದಳು.

ಕೈ ತೆಗೆದೆ.

"ಮುಟ್ಟಿದ್ರಲ್ರಿ ಮೇಡಂ," ಎಂದ ಬೇಲಿಯಾಚೆಯ ಒಬ್ಬ. "ಮುಟ್ಟಿದ ಮ್ಯಾಲ ನಡಸ್ಬೇಕು, ರೂಲ್ ಐತಿ."

ಜನ ಗೊಳ್ಳೆಂದು ನಕ್ಕರು. ಪಾರ್ವತಿ ನಗಲಿಲ್ಲ. ಬೇಲಿಯ ತಂತಿ ಹಿಡಿದು, "ಎತ್ರಿ ಮೇಡಂ, ಎತ್ರಿ. ನನ್ನ ಗಂಡ ಅವನು, ನಾ ಸುಳ್ಳು ಹೇಳ್ತೀನೇನ್ರಿ? ಕಲ್ಲು ಎದಿ ಐತಿ ನಿಮ್ದು," ಎಂದು ಅಳುವ ದನಿಯಲ್ಲಿ ಕೂಗಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಮತ್ತೆ ಬೀಗ ಹಾಕಿದೆ.

ಫೋನ್ ಇನ್ನೂ ಕಡಿದಿರಲಿಲ್ಲ, ಕಿವಿಗೆ ಹಿಡಿದೆ. "ಸಾಹೇಬ್ರ, ನಿಮ್ಮ ಹೆಸರಿನಾಗ ಆರ್ಡರ್ ಕೊಡ್ರಿ, ಹಾಕ್ತೀನಿ," ಎಂದೆ. ಅವರು, ನೋಡಿ ಮಾಡಮ್ಮ ಎಂದು ಫೋನ್ ಇಟ್ಟರು. ಅವರೂ ಒಂದು ಕಾಲದಲ್ಲಿ ಕಂಬ ಹತ್ತಿ ಬಂದವರೇ.

ಗೇಟಿಗೆ ಹೋಗಿ ಬಸವರಾಜಣ್ಣನಿಗೆ ಕೈಮುಗಿದೆ. "ಅಣ್ಣಾ, ನಿಮ್ಮ ಬೈಕ್ ಐತಿ. ಹುಲುಗಪ್ಪನ ಕರ್ಕೊಂಡು ಬರ್ರಿ. ಆತನ ಬಾಯಿಂದ ಒಂದು ಮಾತು ಬಂದ್ರ ಸಾಕು, ಆ ಗಳಿಗಿಗೆ ಕರೆಂಟ್ ಕೊಡ್ತೀನಿ. ಅಲ್ಲಿತನಕ ಬೇಕಾದ್ರ ಗೇಟ್ ಮುರೀರಿ."

ಅವರು ಗೊಣಗುತ್ತಲೇ ಬೈಕ್ ಹತ್ತಿದರು. ಆರು ಗಂಟೆ ಹೊಡೆಯಿತು. ಮಹಾಸಂಚಿಕೆ ಶುರುವಾಗಿರಬೇಕು. ಆಮೇಲಿನ ಹೊತ್ತು ಹೇಗೆ ಕಳೆಯಿತು ಎಂದು ನೆನೆಯಲೂ ಇಷ್ಟವಿಲ್ಲ. ಒಂದು ಕಲ್ಲು ಬಂದು ಕಿಟಕಿಯ ಗಾಜಿಗೆ ಬಿತ್ತು. ನನ್ನ ತವರಿನ ಬಗ್ಗೆ, ಸಂಬಳದ ಬಗ್ಗೆ, ಅಧಿಕಾರದ ಮದದ ಬಗ್ಗೆ ಬಂದ ಮಾತುಗಳನ್ನೆಲ್ಲ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡೆ. ಒಂದು ವೇಳೆ ಹುಲುಗಪ್ಪ ಕಂಬದ ಬುಡದಲ್ಲಿ ಆರಾಮವಾಗಿ ಬೀಡಿ ಸೇದುತ್ತಾ ಕೂತಿದ್ದರೆ ನಾಳೆ ಈ ಊರಿನಲ್ಲಿ ಮುಖ ಎತ್ತಿ ತಿರುಗುವಂತಿಲ್ಲ ಎಂಬುದೂ ಗೊತ್ತಿತ್ತು.

ಬಸವರಾಜಣ್ಣ ಒಬ್ಬರೇ ತಿರುಗಿ ಬಂದರು. ಬೈಕಿನಿಂದ ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೆ ಊರಿ ಕೂತರು. ಜನ ಸುತ್ತುಗಟ್ಟಿದರು.

"ಆತ ಎಲ್ಲಿ?" ಎಂದಳು ಪಾರ್ವತಿ.

"ಮ್ಯಾಲ ಅದಾನ," ಎಂದರು ಬಸವರಾಜಣ್ಣ. "ಮುಂದಿನ ಕಂಬದ ಮ್ಯಾಲ. ಎರಡೂ ಕೈ ತಂತಿ ಮ್ಯಾಲ ಅದಾವ."

ಕಲ್ಲು ಎಸೆದ ಹುಡುಗನೂ ಅಲ್ಲೇ ಇದ್ದ ಎಂದು ಕಾಣುತ್ತದೆ. ಬೇಲಿಯ ಬಳಿಯಿಂದ ಒಬ್ಬ ಮೆಲ್ಲಗೆ ಹಿಂದೆ ಸರಿದ. ಪಾರ್ವತಿ ನಿಂತಲ್ಲೇ ನೆಲದ ಮೇಲೆ ಕೂತಳು. ಮಂದಿ ಒಬ್ಬೊಬ್ಬರಾಗಿ ಮನೆಗಳ ಕಡೆ ನಡೆದರು. ಧಾರಾವಾಹಿಯ ಮಾತನ್ನು ಯಾರೂ ಎತ್ತಲಿಲ್ಲ.

ಕತ್ತಲಾಗುವ ಹೊತ್ತಿಗೆ ಹುಲುಗಪ್ಪ ತಾನೇ ಬಂದ. ಅಂಗಿಯೆಲ್ಲ ಧೂಳು. ನನ್ನ ಎದುರು ನಿಂತು ನಂಬರ್ ಹೇಳಿ, ಲೈನ್ ಕ್ಲಿಯರ್ ವಾಪಸ್ ಕೊಟ್ಟ. ನಾನು ಹಿಡಿ ಎತ್ತಿ, ಬ್ರೇಕರ್ ಹಾಕಿದೆ. ದೂರದಲ್ಲಿ ನದಿ ದಂಡೆಯ ಊರುಗಳು ಬೆಳಗಿದವು. ಅದಾದ ಮೇಲೆ ಅವನನ್ನು ತರಾಟೆಗೆ ತೆಗೆದುಕೊಂಡೆ.

"ಮುಗೀತು ಅಂತ ಹೇಳಿ ಕಳಿಸಿ ಮತ್ತ ಯಾಕ ಹತ್ತಿದಿ?"

"ಆಕಿ ಹೊಂಟ ಮ್ಯಾಲ ನೋಡಿದೆ ರಿ, ಮುಂದಿನ ಕಂಬದ ಪಿಂಗಾಣಿ ಇನ್ಸುಲೇಟರ್ ಒಡದಿತ್ತು. ಹಂಗ ಬಿಟ್ರ ರಾತ್ರಿ ಮತ್ತ ಹೋಕ್ಕಿತ್ತು. ಇವ್ರಿಗೆಲ್ಲ ಜಲ್ದಿ ಕರೆಂಟ್ ಬೇಕಿತ್ತಲ್ರಿ, ಒಂದ ಐದು ನಿಮಿಷದ ಕೆಲಸ ಅಂತ ಹತ್ತಿಬಿಟ್ಟೆ."

"ಅರ್ಥ್ ಹಾಕಿದ್ಯಾ?"

ತಪ್ಪಿ ಕರೆಂಟು ಬಂದರೂ ಅದು ಭೂಮಿಗೆ ಇಳಿದುಹೋಗಲಿ ಎಂದು ಲೈನಿಗೆ ಹಾಕುವ ಸರಪಳಿ ಅದು. ಅವನು ತಲೆ ಕೆರೆದುಕೊಂಡ.

"ಮೊದಲ್ನ ಕಂಬದಾಗ ಬಿಚ್ಚಿದ್ದೆ ರಿ. ಮತ್ತ ಹಾಕ್ಲಿಲ್ಲ."

"ನಾ ಕರೆಂಟ್ ಕೊಟ್ಟಿದ್ರ?" ಎಂದೆ.

ಅವನು ನಕ್ಕ. ಅವನ ನಗೆಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. "ನೀವು ಎಲ್ಲಿ ಕೊಡ್ತೀರಿ ಮೇಡಂ? ನನ್ನ ಧ್ವನಿ ಕೇಳ್ದ ನೀವು ಕೊಡಾಂಗಿಲ್ಲ ಅಂತ ನನಗ ಗೊತ್ತಿಲ್ಲೇನು? ಅದಕ್ಕ ಹತ್ತಿದೆ. ಈಕಿ ಬೆನ್ನು ಹತ್ತಿದ್ಲು, ಸುಮ್ನಾಗ್ಲಿ ಅಂತ ನಂಬರ್ ಹೇಳಿ ಕಳಿಸಿದ್ದೆ ಅಷ್ಟ."

ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದ ಪಾರ್ವತಿ ಆಗ ಬಾಯಿ ತೆರೆದಳು. ಗಂಡನ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದಳು.

"ಮೇಡಂ ಹಿಡಿಗೆ ಕೈ ಹಾಕಿದ್ರು. ಎತ್ರಿ ಎತ್ರಿ ಅಂತ ಕೂಗಿದಾಕಿ ನಾನ."

ಹುಲುಗಪ್ಪನ ನಗೆ ನಿಂತಿತು. ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಆಮೇಲೆ ತನ್ನ ಎರಡೂ ಅಂಗೈ ಮುಂದೆ ಹಿಡಿದುಕೊಂಡು ನೋಡುತ್ತಾ ಕೂತ. ಅವರನ್ನು ಮನೆಗೆ ಕಳಿಸಲು ನನಗೂ ಮನಸ್ಸು ಬರಲಿಲ್ಲ. ವಾಚ್‌ಮನ್ ಚಹಾ ತಂದ, ಮೂವರೂ ಕುಡಿದೆವು.

ಚಂದ್ರಿಗೆ ಏನಾಯಿತು ಎಂದು ಮರುದಿನ ಬಸ್ಸಿನಲ್ಲಿ ಕೇಳಿ ತಿಳಿದೆ. ರಾಣಿಯನ್ನು ನಡೆಸಬೇಕಾಯಿತಂತೆ, ಸೋತಳಂತೆ. ಆ ಅಂಪೈರನಿಗೆ ಹೊಸಪೇಟೆಯಿಂದ ಕಂಪ್ಲಿಯವರೆಗೂ ಶಾಪ ಹಾಕುತ್ತಿದ್ದರು.

ಈ ನೌಕರಿಯಲ್ಲಿ ಇಷ್ಟು ವರ್ಷ ನಾನು ಬೇಡ, ಆಗದು, ಬರುವುದಿಲ್ಲ ಎಂದದ್ದಕ್ಕೆ ಲೆಕ್ಕವಿಲ್ಲ. ಎದುರಿಗೆ ನಿಂತವರಿಗೆ ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದ್ದೆ. ಎದುರಿಗಿಲ್ಲದ ಒಬ್ಬನು ಆ ಮಾತನ್ನು ಆಗಲೇ ನಂಬಿ, ಬರಿಗೈಯಲ್ಲಿ ತಂತಿ ಹಿಡಿದಿರುತ್ತಾನೆ ಎಂಬುದು ನನಗೆ ತಿಳಿದದ್ದು ಅವತ್ತು. ನಾನು ಹಿಡಿಗೆ ಕೈ ಹಾಕಬಹುದು ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹತ್ತುತ್ತಿರಲಿಲ್ಲ.