ಟೇಲರಮ್ಮನ ಬಿಗಿ ನಾಳ

ಟೇಲರಮ್ಮನ ಬಾಯಲ್ಲಿ ‘ಬಿಗಿ’ ಎನ್ನುವುದು ದೊಡ್ಡ ಹೊಗಳಿಕೆ. ಶಾಲೆ ಮಕ್ಕಳ ಚಡ್ಡಿ, ಲಂಗ ಹೊಲಿದೇ ಬದುಕು ಕಟ್ಟಿಕೊಂಡವಳು. ಬಟ್ಟೆ ಬೇಕಾದರೆ ಹರಿಯಲಿ, ಹೊಲಿಗೆ ಬಿಡಬಾರದು ಎಂಬ ಹಟದವಳು.

ಸಂಧಿವಾತ ಅಂಟಿಕೊಂಡು ವರ್ಷಗಳಾಗಿವೆ. ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ. ಬಿಸಿನೀರಲ್ಲಿ ಅದ್ದಿ ಕೂತರೆ ಆಮೇಲೆ ಮಾತು ಕೇಳುತ್ತವೆ. “ಮೈ ತನ್ನ ಮೇಲೆ ತಾನೇ ಜಗಳಕ್ಕೆ ಬೀಳೋ ಕಾಯಿಲೆ ಇದು” ಎಂದಿದ್ದರು ಡಾಕ್ಟರಮ್ಮ. “ಜಗಳಕ್ಕೆ ಮನೇಲಿ ಗಂಡ ಸಾಲದಾ?” ಎಂದು ಇವಳು ನಕ್ಕಿದ್ದಳು. ಗಂಡ ಬಸ್ಸಿನ ಡ್ರೈವರ್. ಪಾಪ, ಸೂಜಿಗೆ ದಾರ ಪೋಣಿಸಿಕೊಟ್ಟೇ ಡ್ಯೂಟಿಗೆ ಹೋಗುವವನು.

ಈ ಕಾಯಿಲೆಯ ಹೆಂಗಸರಿಗೆ ಹೃದಯದ ತೊಂದರೆ ಬೇಗ ಬರಬಹುದೆಂದು ಡಾಕ್ಟರಮ್ಮ ಅವಳ ಕುತ್ತಿಗೆಗೂ ತೊಡೆಗೂ ಯಂತ್ರ ಹಿಡಿಸಿ ನಾಡಿ ಅಳೆಸಿದರು. “ರಕ್ತನಾಳ ಬಿಗಿಯಾಗಿದೆ. ದಿನಾ ನಡೀರಿ, ಉಪ್ಪು ಕಡಿಮೆ ಮಾಡಿ, ಈ ಬಿಪಿ ಮಾತ್ರೆ ಬಿಡಬೇಡಿ” ಎಂದರು. ಟೇಲರಮ್ಮನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ. ಗೆದ್ದು ಬಂದವಳ ಹಾಗೆ ಬೀದಿಗೆಲ್ಲ ಸಾರಿದಳು. ಗಂಡನೂ ಡಿಪೋದಲ್ಲಿ ಮೀಸೆ ತಿರುವಿದ. ಮಾತ್ರೆ ಡಬ್ಬಿಯಲ್ಲೇ ಉಳಿಯಿತು. ಗಟ್ಟಿಮುಟ್ಟಾದ ನಾಳಕ್ಕೆ ಮಾತ್ರೆ ಏಕೆ?

ಮುಂದಿನ ಸಲ ಇಬ್ಬರೂ ಹೋದರು. ಡಾಕ್ಟರಮ್ಮ ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು. “ಮಾತ್ರೆ ತಗೊಳ್ತಿಲ್ವಾ?”

“ಬಿಗಿ ಇದೆ ಅಂದ್ರಲ್ಲ, ಮೇಡಂ!”

ಡಾಕ್ಟರಮ್ಮನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. “ಅಯ್ಯೋ, ನಾಳ ಬಿಗಿ ಇರಬಾರದಮ್ಮ. ಹೃದಯ ರಕ್ತ ತಳ್ಳಿದಾಗೆಲ್ಲ ಅದು ಹಿಗ್ಗಿ ಕುಗ್ಗಬೇಕು. ಇಲ್ದಿದ್ರೆ ಹೃದಯ ದಣಿಯುತ್ತೆ.”

“ಎಲಾಸ್ಟಿಕ್ ಒಣಗಿ ಸೆಟೆದುಕೊಂಡಿದೆ ಅನ್ನಿ.” ಟೇಲರಮ್ಮನ ದನಿ ಇಳಿದಿತ್ತು. “ನಾನಾದ್ರೆ ಕಿತ್ತು ಹೊಸದು ಹಾಕ್ತೀನಿ.”

“ಇದನ್ನ ಕಿತ್ತು ಹಾಕೋಕಾಗಲ್ಲ. ಇರೋದನ್ನೇ ಜೋಪಾನ ಮಾಡ್ಕೋಬೇಕು. ಇನ್ನೂ ಕಾಲ ಮಿಂಚಿಲ್ಲ.”

ಟೇಲರಮ್ಮನಿಗೆ ನಿಜಕ್ಕೂ ಹೆದರಿಕೆಯಾಯಿತು. ಬೀದಿಯವರು ನಗುತ್ತಾರಲ್ಲ ಎಂಬ ನಾಚಿಕೆಯೂ ಇತ್ತು, ಆದರೆ ಹೆದರಿಕೆಯೇ ಹೆಚ್ಚು. ಹೊರಗೆ ಬಂದವಳೇ ನಲ್ಲಿ ಹುಡುಕಿ, ಚೀಲದಲ್ಲಿ ತಂದಿದ್ದ ಡಬ್ಬಿ ತೆಗೆದು ಮಾತ್ರೆ ನುಂಗಿದಳು.

ಬಸ್ಸಿನಲ್ಲಿ ಮರಳುವಾಗ, ಮನೆಗೆ ಇನ್ನೂ ಎರಡು ಸ್ಟಾಪ್ ಇರುವಂತೆಯೇ ಎದ್ದು ನಿಂತಳು.

“ಎಲ್ಲಿಗೇ? ಇನ್ನೂ ದೂರ ಇದೆ” ಎಂದ ಗಂಡ.

“ಇಳೀರಿ. ನಡ್ಕೊಂಡು ಹೋಗೋಣ.”

“ಮಂಡಿ ನೋಯಲ್ವಾ?”

“ನೋಯುತ್ತೆ, ನೋಯ್ಲಿ. ನಾನು ಹೋಗ್ಬಿಟ್ರೆ, ನೀವು ರಿಟೈರ್ ಆದ್ಮೇಲೆ ಮನೇಲಿ ಒಬ್ರೇ ಕೂತು ಏನ್ ಮಾಡ್ತೀರಿ?”

ಗಂಡ ಅವಳ ಹಿಂದೆಯೇ ಇಳಿದ.