ಕುದುರೆಗಳ ಕ್ಯಾಸೆಟ್ಟು

ಡಬ್ಬಿ ತೆರೆದೊಡನೆ ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ಅಟ್ಟದಿಂದ ಇಳಿಸಿದ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಒರೆಸುತ್ತಾ ಕೂತಿದ್ದೆ. ಹಿಂದಿನ ದಿನ ಯಾದವಗಿರಿಯಿಂದ ನಮ್ಮ ವಿಡಿಯೋ ಮೇಷ್ಟ್ರ ಹೆಂಡತಿ ಫೋನ್ ಮಾಡಿದ್ದರು. ಮೇಷ್ಟ್ರು ತೀರಿಕೊಂಡು ವರ್ಷ ಕಳೆದಿತ್ತು. "ಫೋಟೋ ಬೇಕಾದಷ್ಟಿದೆ ಕಣಮ್ಮ. ಅವ್ರು ಓಡಾಡೋದು, ಮಾತಾಡೋದು ಒಂದೂ ಇಲ್ಲ. ನಿನ್ನ ಹತ್ರ ಏನಾದ್ರೂ ಇದ್ರೆ ನೋಡ್ತೀಯಾ?"

ಎಲ್ಲಿಂದ ಬರಬೇಕು... ಇಡೀ ಜನ್ಮ ಕ್ಯಾಮೆರಾದ ಹಿಂದೆಯೇ ನಿಂತವರು ಅವರು.

ತೊಂಬತ್ತರ ದಶಕದಲ್ಲಿ ನಮ್ಮ ಕಾಲೇಜಿಗೆ ಇದ್ದದ್ದು ಒಂದೇ ಕ್ಯಾಮೆರಾ. ಅದನ್ನು ಮುಟ್ಟುವ ಆಸೆಯಿಂದ ಸೇರಿದ ನಮಗೆ ಮೇಷ್ಟ್ರು ಮೊದಲು ಕೊಟ್ಟದ್ದು ಬರೀ ಟ್ರೈಪಾಡ್. ಮೂರು ಕಾಲು ಬಿಡಿಸಿ, ಮಟ್ಟ ನೋಡಿ, ತಿರುಪು ಬಿಗಿ ಮಾಡಿ ನಿಲ್ಲಿಸಬೇಕು. ಕ್ಯಾಮೆರಾ ಕೂರುವ ಜಾಗದಲ್ಲಿ ಅವರು ನೀರು ತುಂಬಿದ ಸ್ಟೀಲ್ ಲೋಟ ಇಡುತ್ತಿದ್ದರು. ಹಿಡಿಕೆ ಹಿಡಿದು ಎಡದಿಂದ ಬಲಕ್ಕೆ ತಿರುಗಿಸಬೇಕು, ತೊಟ್ಟು ನೀರೂ ಚೆಲ್ಲಬಾರದು. ಚೆಲ್ಲಿದವರು ಮತ್ತೆ ಸಾಲಿನ ಕೊನೆಗೆ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಇದು ಮದುವೆ ಮನೆಯಲ್ಲಿ ಬಡಿಸುವವರ ವಿದ್ಯೆ ಎಂದು ಗೆಳತಿಯ ಹತ್ತಿರ ಗೊಣಗಿದ್ದು ಅವರ ಕಿವಿಗೂ ಬಿತ್ತು.

"ಹೌದು ಕಣಮ್ಮ, ಸಾರು ಬಡಿಸೋರ ಕೈ ನೋಡಿದ್ಯಾ? ಅದೇ ಬೇಕು," ಎಂದು ಲೋಟಕ್ಕೆ ಇನ್ನಷ್ಟು ನೀರು ಸುರಿದರು.

ಅಂತೂ ದಸರಾ ಹತ್ತಿರವಾದಾಗ ಬನ್ನಿಮಂಟಪದಲ್ಲಿ ಕುದುರೆಗಳ ತಾಲೀಮು ಚಿತ್ರಿಸುವ ಸರದಿ ನನ್ನದಾಯಿತು. ಪರೀಕ್ಷೆಗೆ ಅದೇ ಲೆಕ್ಕ. ಮೇಷ್ಟ್ರೂ ಜೊತೆಗೆ ಬಂದಿದ್ದರು. ಗಾಬರಿಯಲ್ಲಿ ನಾನು ರೆಕಾರ್ಡ್ ಗುಂಡಿಯನ್ನು ಮೊದಲೇ ಒಮ್ಮೆ ಒತ್ತಿಬಿಟ್ಟಿದ್ದೆ. ಅಲ್ಲಿಂದ ಎಲ್ಲವೂ ಉಲ್ಟಾ. ಕುದುರೆ ಬಂದಾಗ ಒತ್ತಿದರೆ ರೆಕಾರ್ಡಿಂಗ್ ನಿಲ್ಲುತ್ತಿತ್ತು, ಹೋದ ಮೇಲೆ ಒತ್ತಿದರೆ ಶುರುವಾಗುತ್ತಿತ್ತು. ರೆಕಾರ್ಡ್ ಆಗುತ್ತಿದೆಯೆಂದು ಮೂಲೆಯಲ್ಲಿ ತೋರಿಸುವ ಪುಟ್ಟ ಕೆಂಪು ಚುಕ್ಕೆಯನ್ನು ಯಾರು ನೋಡಿದರು!

ಮರುದಿನ ಕ್ಲಾಸಿನ ಟೀವಿಗೆ ಹಾಕಿದರೆ ಒಂದು ಕುದುರೆಯೂ ಇಲ್ಲ. ನೆಲ, ನನ್ನ ಚಪ್ಪಲಿ, ಲದ್ದಿ... ಮಿಕ್ಕದ್ದೆಲ್ಲ ಮೇಷ್ಟ್ರು. ಟ್ರೈಪಾಡಿನ ಕಾಲು ಸರಿಮಾಡುವುದು, ಕರವಸ್ತ್ರದಲ್ಲಿ ಬೋಳುತಲೆ ಒರೆಸಿಕೊಳ್ಳುವುದು, ಎಲ್ಲೋ ಕುದುರೆ ಕೆನೆದರೆ ಬೆಚ್ಚಿ ಹಿಂದೆ ಸರಿಯುವುದು. ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

"ಇವತ್ತು ಸಂಜೆನೂ ತಾಲೀಮಿದೆ. ಇದನ್ನೆಲ್ಲ ಯಾಕೆ ಇಟ್ಕೋತೀಯ, ಇದ್ರ ಮೇಲೇ ಕುದುರೆ ತೆಗೆದ್ಬುಡು, ಇದು ಅಳಿಸಿಹೋಗುತ್ತೆ," ಎಂದರು.

ತೆಗೆದೆ. ಅಂದಿನ ಚಿತ್ರ ಒಂದು ಚೂರೂ ಅಲುಗಲಿಲ್ಲ. ಲೋಟ ಇಟ್ಟಿದ್ದರೂ ನೀರು ಚೆಲ್ಲುತ್ತಿರಲಿಲ್ಲ ಎಂದು ಮೇಷ್ಟ್ರು ಹೇಳಿದಾಗ ನೆಲದ ಮೇಲೆ ನಿಲ್ಲಲಾಗದಷ್ಟು ಹಿಗ್ಗಿದ್ದೆ. ಪರೀಕ್ಷೆ ಮುಗಿದ ಮೇಲೆ ಕ್ಯಾಸೆಟ್ಟನ್ನು ನನಗೇ ಕೊಟ್ಟರು.

ಈಗ ಅದನ್ನು ಹಿಡಿದು ಉದಯಗಿರಿಯ ರಿಪೇರಿ ಅಂಗಡಿಗೆ ಹೋದೆ. ಕ್ಯಾಸೆಟ್ಟು ಓಡಿಸುವ ಹಳೆಯ ವಿಸಿಆರ್ ಇಟ್ಟುಕೊಂಡಿರುವವರು ಆ ಅಂಗಡಿಯವರೊಬ್ಬರೇ. ಟೇಪಿನ ಬೂಷ್ಟು ಒರೆಸಿ ಹಾಕಿದರು. ಕುದುರೆಗಳು ಬಂದವು, ಹೋದವು.

"ಮುಗೀತಲ್ಲ ಮೇಡಂ, ನಿಲ್ಲಿಸ್ಲಾ?"

"ಸ್ವಲ್ಪ ಓಡಲಿ ಬಿಡಿ."

ಎರಡನೆಯ ಸಂಜೆ ತೆಗೆದದ್ದು ಮೊದಲಿನದಕ್ಕಿಂತ ತುಸು ಕಡಿಮೆಯಿತ್ತೆಂದು ಕಾಣುತ್ತದೆ. ಪರದೆಯ ಚಿತ್ರ ಒಮ್ಮೆ ಜಿಗಿಯಿತು. ಅದರ ಹಿಂದೆಯೇ, ಅಳಿಸದೆ ಉಳಿದ ತುದಿಯಲ್ಲಿ ಮೇಷ್ಟ್ರ ಮುಖ! ಕ್ಯಾಮೆರಾ ಬಿಚ್ಚಲು ಬಗ್ಗಿದವರು ನೇರ ಲೆನ್ಸಿಗೇ ಮುಖ ಕೊಟ್ಟು, "ಆಫ್ ಮಾಡಿದ್ಯಾ ತಾನೆ?" ಎಂದರು. "ಮಾಡ್ದೆ ಸರ್," ಎಂದಿತು ನನ್ನ ಎಳೆಯ ದನಿ. "ಹಂಗಾದ್ರೆ ಬಾ, ಕಾಫಿ ಕುಡಿಯೋಣ." ಅಷ್ಟೇ. ಆಮೇಲೆ ಬರೀ ಚುಕ್ಕೆಗಳ ಸುರಿಮಳೆ.

ಅಷ್ಟನ್ನೇ ಕಂಪ್ಯೂಟರಿಗೆ ಇಳಿಸಿಕೊಂಡು ಯಾದವಗಿರಿಗೆ ಒಯ್ದೆ. ಅವರ ಹೆಂಡತಿ ಮತ್ತೆ ಮತ್ತೆ ಹಾಕಿಸಿ ನೋಡಿದರು. ಕಾಫಿಯ ಮಾತು ಬಂದಾಗಲೆಲ್ಲ ತಲೆಯಾಡಿಸುತ್ತಿದ್ದರು. ಕೊನೆಗೆ ಕಣ್ಣೊರೆಸಿಕೊಂಡು, "ಇನ್ನೂ ಇತ್ತೇನಮ್ಮ?" ಎಂದು ಕೇಳಿದರು.

ಇತ್ತು ಅಮ್ಮ, ಎಂದೆ. ಮೇಷ್ಟ್ರು ಬೆವರು ಒರೆಸಿಕೊಂಡದ್ದು, ಬೆಚ್ಚಿ ಹಿಂದೆ ಸರಿದದ್ದು, ಎಲ್ಲವೂ ಇತ್ತು. ಈಗ ಅದರ ಮೇಲೆ ಕುದುರೆಗಳು ಓಡುತ್ತಿವೆ, ಒಂದು ಚೂರೂ ಅಲುಗದೆ.